ಮುತ್ಯಾನ ಬಸ್ತಾ ಎಲ್ಲಿಡೋಣ? ಮನೆ, ಗ್ರಂಥಾಲಯ, ಪತ್ರಾಗಾರ, ಇಂಟರ್ನೆಟ್: ಒಂದು ಹೋಲಿಕೆ

ನಮ್ಮ ಮನೆಯಲ್ಲಿ ಒಂದು ಬಸ್ತಾ ಇದೆ, ಅಂದರೆ ಹಳೆ ಕಾಗದದ ಗಂಟು. ಮಾಸಿದ ಕೆಂಪು ಬಟ್ಟೆ, ಅದಕ್ಕೆ ಸುತ್ತಿದ ಸೆಣಬಿನ ದಾರ. ಮುತ್ಯಾ, ಅಂದರೆ ನಮ್ಮ ಅಜ್ಜ, ಇರುವವರೆಗೆ ಅದು ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು. ಮುತ್ಯಾ ಹೋದ ಮೇಲೆ ಯಾರೋ ಟ್ರಂಕು ಕೆಳಗಿಳಿಸಿ ಪಡಸಾಲೆಯ ಮೂಲೆಗೆ ತಳ್ಳಿದರು. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ನೀರು ನಮ್ಮ ಪಡಸಾಲೆಗೂ ಬಂತು. ಅಕ್ಕಿ, ತೊಗರಿ, ಹಾಸಿಗೆ ಎಲ್ಲ ಮೇಲೆ ಹೋದವು. ಟ್ರಂಕು ನೆನಪಾದದ್ದು ಮರುದಿನ. "ಅದ್ರಾಗೇನದಪಾ, ಹಳೀ ಕಾಗದ ಅವ ಸುಮ್ನ" ಅಂದಳು ಆಯಿ, ಅಂದರೆ ನಮ್ಮ ಅಜ್ಜಿ. ಆದರೂ ತೆರೆದೆವು. ಮುಕ್ಕಾಲು ಪಾಲು ಉಳಿದಿತ್ತು.

ಆ ಉಳಿದ ಮುಕ್ಕಾಲು ಪಾಲನ್ನು ಏನು ಮಾಡೋದು ಅಂತ ನಾಲ್ಕು ವರ್ಷ ಓಡಾಡಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಬಹಳ ಮನೆಗಳಲ್ಲಿ ಇಂಥದೊಂದು ಗಂಟು ಇರುತ್ತದೆ. ಎಲ್ಲಿ ಕೊಡಬೇಕು, ಎಲ್ಲಿ ಹಾಕಬೇಕು, ಯಾವುದನ್ನು ಕೈಬಿಡಬಾರದು ಅಂತ ಕೇಳುವವರು ಸಿಗುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಗಂಟು ಬಿಚ್ಚಿ ಬೇರೆ ಬೇರೆ ಮಾಡಿ. ನಮ್ಮ ಬಸ್ತಾದಲ್ಲಿ ಮುಖ್ಯವಾಗಿ ಇದ್ದದ್ದು ಇವು: ಉರ್ದುವಿನಲ್ಲಿ ಬರೆದ ಜಮೀನಿನ ಕಾಗದ, ಕಂದಾಯ ಕಟ್ಟಿದ ರಸೀದಿ. ಮರಾಠಿಯ ಹಳೆ ಕೂಡುಬರಹವಾದ ಮೋಡಿ ಲಿಪಿಯ ಒಂದು ಉದ್ದನೆಯ ಹಾಳೆ. ಶಾಲೆಯ ಮುಂದೆ ಸಾಲಾಗಿ ನಿಂತವರ ಒಂದು ಫೋಟೊ. ಮುತ್ಯಾ ತನ್ನ ಕೈಯಾರೆ ಬರೆದುಕೊಂಡ ತತ್ವಪದಗಳ ನೋಟ್‌ಬುಕ್ಕು. ಇಷ್ಟಕ್ಕೂ ಒಂದೇ ಜಾಗ ಸರಿಹೋಗುವುದಿಲ್ಲ. ಹಿಂದೆಮುಂದೆ ನೋಡದೆ ಕೊಟ್ಟು ಕೈತೊಳೆದುಕೊಳ್ಳಲು ಹೋಗಿ ನಾನೇ ಒಮ್ಮೆ ಪೆಟ್ಟು ತಿಂದೆ. ಆ ಕತೆ ಮುಂದೆ ಬರುತ್ತದೆ.

ಮನೆಯಲ್ಲೇ ಇಡುವುದು

ಮನೆಯವರಿಗೆ ಇದು ಎಲ್ಲಕ್ಕಿಂತ ಸುಲಭ. ಯಾರನ್ನೂ ಕೇಳಬೇಕಿಲ್ಲ. ಫೋಟೊದಲ್ಲಿರುವುದು ಯಾರು ಅಂತ ಹೇಳುವ ಆಯಿ ಪಕ್ಕದಲ್ಲೇ ಇರುತ್ತಾಳೆ. ಆದರೆ ಮಕ್ಕಳು ಬೆಂಗಳೂರೋ ಪುಣೆಯೋ ಸೇರಿದ ಮೇಲೆ ಮನೆಗೆ ಬೀಗ ಬೀಳುತ್ತದೆ. ಒಳಗೆ ಗೆದ್ದಲು ತನ್ನ ಕೆಲಸ ಶುರು ಮಾಡುತ್ತದೆ.

ನಮ್ಮ ಕಡೆ ಇನ್ನೊಂದು ಶತ್ರು ಬಿಸಿಲು. ಮೇ ತಿಂಗಳಲ್ಲಿ ತಗಡಿನ ಶೆಡ್ಡಿನ ಕೆಳಗೆ ಇಟ್ಟ ಟ್ರಂಕು ಒಲೆ ಇದ್ದ ಹಾಗೆ. ಕಾಗದ ಹಪ್ಪಳದಂತಾಗಿ ಮಡಿಕೆಯಲ್ಲೇ ಮುರಿಯುತ್ತದೆ. ಹಳೆಯ ಮಣ್ಣಿನ ಮಾಳಿಗೆ ಮನೆಯಾದರೆ ತಂಪು, ಆದರೆ ಮಳೆಗಾಲದಲ್ಲಿ ಗೋಡೆ ಒಸರುತ್ತದೆ. ಹಾಗಾಗಿ ಒಳಕೋಣೆ, ನೆಲದಿಂದ ಮೇಲೆ, ಗೋಡೆಗೆ ತಾಗದಂತೆ ಇಡಿ. ಒಗೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ. ಗುಂಡುಸೂಜಿ, ಸ್ಟೇಪ್ಲರ್ ಪಿನ್ನು, ರಬ್ಬರ್ ಬ್ಯಾಂಡು ಇದ್ದರೆ ತೆಗೆದುಬಿಡಿ.

ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ನಮ್ಮಲ್ಲಿ ಹಳೆ ಕಾಗದ ಕಂಡ ಕೂಡಲೇ ಜೆರಾಕ್ಸ್ ಅಂಗಡಿಗೆ ಓಡಿ ಲ್ಯಾಮಿನೇಷನ್ ಮಾಡಿಸುವುದು ಒಂದು ಚಟ. ಆ ಬಿಸಿಗೆ ಶಾಯಿ ಹೋಗಬಹುದು. ಒಮ್ಮೆ ಅಂಟಿದ ಹಾಳೆಯನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ನೀರಿಗೆ ನೆನೆದ ಕಾಗದವನ್ನು ಅಂಗಳದ ಬಿಸಿಲಿಗೆ ಹಾಕುವುದೂ ಅಷ್ಟೇ ತಪ್ಪು. ನಾವು ಹಾಳೆಗಳ ನಡುವೆ ಹಳೆ ಪೇಪರ್ ಇಟ್ಟು, ಫ್ಯಾನಿನ ಕೆಳಗೆ ಹಾಸಿ, ದಿನಕ್ಕೆ ಮೂರು ಸಲ ಪೇಪರ್ ಬದಲಿಸಿದೆವು. ಎಂಟು ದಿನ ಹಿಡಿಯಿತು. ಒಂದಕ್ಕೊಂದು ಅಂಟಿದ್ದ ಎರಡು ಫೋಟೊಗಳನ್ನು ನನ್ನ ತಮ್ಮ ಅವಸರದಲ್ಲಿ ಎಳೆದ. ಒಬ್ಬರ ಮುಖ ಇನ್ನೊಂದರ ಬೆನ್ನಿಗೆ ಹೋಯಿತು.

ಜಮೀನಿನ ಅಸಲು ಕಾಗದಗಳಿಗೆ ಮಾತ್ರ ನನ್ನ ಪ್ರಕಾರ ಮನೆಯೇ ಸರಿ. ಖಾಸ್ರಾ ಪಹಣಿ, ಸೇತವಾರ (ಎರಡೂ ಹಳೆಯ ಜಮೀನು ದಾಖಲೆ), ಇನಾಮಿನ ಸನದು (ಇನಾಮು ಕೊಟ್ಟ ಪತ್ರ) ಇಂಥವನ್ನು ಇತಿಹಾಸದ ಹೆಸರಲ್ಲಿ ಯಾರಿಗೂ ಕೊಡಬೇಡಿ. ಇಂಟರ್ನೆಟ್ಟಿಗೂ ಹಾಕಬೇಡಿ. ಮುಂದೆ ಕೋರ್ಟಿನಲ್ಲಿ ಅದೇ ಬೇಕಾಗಬಹುದು. ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ, ಸಾಕು. ತಾಲೂಕು ಕಚೇರಿಗಳ ರೆಕಾರ್ಡ್ ರೂಮಿನಲ್ಲಿರುವ ಹಳೆಯ ಭೂದಾಖಲೆಗಳನ್ನು ಸರ್ಕಾರವೇ ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ನಿಮ್ಮ ಊರಿನದು ಅಲ್ಲಿ ಸಿಗುತ್ತದೆಯೇ ನೋಡಿ.

ಊರಿನ ಅರಿವು ಕೇಂದ್ರ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಈಗ ಅವಕ್ಕೆ ಅರಿವು ಕೇಂದ್ರ ಅಂತ ಹೆಸರು. ಹಲವು ಕಡೆ ಕಂಪ್ಯೂಟರ್ ಬಂದಿದೆ, ಮಕ್ಕಳು ಬರುತ್ತಾರೆ. ಕೆಲವು ಕಡೆ ಬೀಗವೂ ಇರುತ್ತದೆ, ಬಿಡಿ.

ಅಸಲು ಕಾಗದ ಇಡಲು ಇದು ಜಾಗವಲ್ಲ. ಬೀರು ಒಂದೇ, ಇಲಿ ಬಹಳ, ಮೇಲ್ವಿಚಾರಕರು ಬದಲಾದರೆ ಗಂಟು ಯಾರದು ಅಂತಲೇ ಗೊತ್ತಿರುವುದಿಲ್ಲ. ಆದರೆ ನಕಲು ಇಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಶಾಲೆಯ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ನಮ್ಮೂರಿನ ಗ್ರಂಥಾಲಯದ ಮೇಜಿನ ಮೇಲೆ ಇಟ್ಟೆ. ಹನ್ನೆರಡು ಮುಖ. ನಮ್ಮ ಮನೆಯಲ್ಲಿ ಗೊತ್ತಿದ್ದದ್ದು ಎರಡು. ಪೇಪರ್ ಓದಲು ಬಂದ ಹಿರಿಯರೊಬ್ಬರು ಕನ್ನಡಕ ಹಣೆಗೆ ಏರಿಸಿ ಫೋಟೊದ ಮೇಲೆ ಬಗ್ಗಿದರು. ಮುಖ ನೋಡಲಿಲ್ಲ, ಕಾಲು ನೋಡಿದರು. "ಇವ್ನ ಒಬ್ಬನ ಕಾಲಾಗ ಬೂಟ್ ಅದ. ಅಂದ್ರ ಇವಾ ಗೌಡ್ರ ಮನಿಯಾಂವ" ಅಂದರು. ಅಲ್ಲಿಂದ ಮುಂದೆ ಒಂದು ಗಂಟೆಯಲ್ಲಿ ಏಳು ಹೆಸರು ಸಿಕ್ಕವು. ಒಂದು ಹೆಸರಿಗೆ ಇಬ್ಬರು ಜಗಳ ಮಾಡಿದರು. ಅದನ್ನೂ ಬರೆದುಕೊಂಡೆ: "ಎಡದಿಂದ ಐದನೆಯವರ ಬಗ್ಗೆ ಎರಡು ಅಭಿಪ್ರಾಯ ಇದೆ." ಇಂಥ ಕೆಲಸ ಯಾವ ದೊಡ್ಡ ಪತ್ರಾಗಾರದಲ್ಲಿ ಆಗುತ್ತದೆ? ಅಲ್ಲಿ ಆ ಬೂಟು ಗುರುತಿಸುವವರು ಇರುವುದಿಲ್ಲ.

ಹಾಗಾಗಿ ಊರಿನ ಗ್ರಂಥಾಲಯಕ್ಕೆ ಒಂದು ಫೈಲು ಮಾಡಿಕೊಡಿ. ಹಳೆಯ ಫೋಟೊಗಳ ಪ್ರಿಂಟು, ಪ್ರತಿ ಪ್ರಿಂಟಿನ ಕೆಳಗೆ ಬರೆಯಲು ಖಾಲಿ ಜಾಗ, ದಾರದಲ್ಲಿ ಕಟ್ಟಿದ ಒಂದು ಪೆನ್ಸಿಲ್. ಖರ್ಚು ಐದುನೂರು ರೂಪಾಯಿಯೂ ಆಗಲಿಕ್ಕಿಲ್ಲ.

ಜಿಲ್ಲಾ ಗ್ರಂಥಾಲಯ, ವಿಶ್ವವಿದ್ಯಾಲಯ

ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಮನೆ ತೆರಿಗೆ ಜೊತೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ, ಅಂದರೆ ಅದು ನಮ್ಮದೇ ಗ್ರಂಥಾಲಯ. ಅಲ್ಲಿ ಅಚ್ಚಾದ ಪುಸ್ತಕಕ್ಕೆ ಜಾಗ ಇದೆ, ಬಿಡಿ ಕಾಗದಕ್ಕೆ ಇಲ್ಲ. ನಿಮ್ಮ ಬಳಿ ಹಳೆಯ ಸ್ಮರಣ ಸಂಚಿಕೆ, ಜಾತ್ರೆಯ ಕೈಪಿಡಿ, ಊರಿನ ಬಗ್ಗೆ ಯಾರೋ ಅಚ್ಚು ಹಾಕಿಸಿದ ಸಣ್ಣ ಪುಸ್ತಕ ಇದ್ದರೆ ಅಲ್ಲಿ ಕೊಡಿ. ಇಲಾಖೆಯ ಡಿಜಿಟಲ್ ಗ್ರಂಥಾಲಯ ಓದಲು ಚೆನ್ನಾಗಿದೆ, ಆದರೆ ಅದು ನಿಮ್ಮ ಮನೆಯ ಫೋಟೊ ಹಾಕುವ ಜಾಗ ಅಲ್ಲ. ಜಿಲ್ಲಾ ಗ್ರಂಥಾಲಯಕ್ಕೆ ಹೋದಾಗ ಗೆಜೆಟಿಯರ್, ಅಂದರೆ ಜಿಲ್ಲೆಯ ಮಾಹಿತಿ ಎಲ್ಲ ಇರುವ ಸರ್ಕಾರಿ ಪುಸ್ತಕ, ಇದೆಯೇ ಕೇಳಿ. ಗುಲಬರ್ಗಾ ಜಿಲ್ಲೆಯದು 1966ರದು, ಬೀದರಿನದು 1977ರದು. ಯಾದಗಿರಿಯವರು ಗುಲಬರ್ಗಾದ ಗೆಜೆಟಿಯರಿನಲ್ಲೇ ತಮ್ಮ ಊರು ಹುಡುಕಬೇಕು, ಯಾಕೆಂದರೆ ಆ ಜಿಲ್ಲೆ ಬೇರೆಯಾದದ್ದು 2009ರ ಕೊನೆಗೆ.

ಮುತ್ಯಾನ ತತ್ವಪದದ ನೋಟ್‌ಬುಕ್ಕಿನಂಥ ಕೈಬರಹ, ತಾಡೋಲೆ ಇದ್ದರೆ ವಿಶ್ವವಿದ್ಯಾಲಯವೇ ಮೇಲು. ಕಲಬುರಗಿಯಲ್ಲಿ 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ ಇದೆ. ಆಳಂದ ತಾಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅಲ್ಲಿ ಅದನ್ನು ಓದಬಲ್ಲ, ಓದಲು ಬೇಕಾಗಿರುವ ಮಂದಿ ಇರುತ್ತಾರೆ. ಕಡಕೋಳ ಮಡಿವಾಳಪ್ಪನವರ ಪದಗಳನ್ನೇ ತಗೊಳ್ಳಿ. ಅಚ್ಚಿನಲ್ಲಿ ಒಂದು ಥರ ಇರುತ್ತದೆ, ಭಜನೆಯವರ ಬಾಯಲ್ಲಿ ಇನ್ನೊಂದು ಥರ, ಮುತ್ಯಾನ ನೋಟ್‌ಬುಕ್ಕಿನಲ್ಲಿ ಮತ್ತೊಂದು ಥರ. ಸಾಲು ಎಲ್ಲಿ ಬದಲಾಯಿತು ಅಂತ ನೋಡುವವರಿಗೆ ಆ ನೋಟ್‌ಬುಕ್ಕು ಬಂಗಾರ. ತೊಂದರೆ ಅಂದರೆ ಊರಿನವರಿಗೆ ಅದು ದೂರ ಆಗುತ್ತದೆ. ಹಾಡುವವನೊಬ್ಬ ಹೋಗಿ "ನಮ್ಮ ಊರಿನ ನೋಟ್‌ಬುಕ್ ತೋರಿಸ್ರಿ" ಅಂದರೆ ಗೇಟಿನಲ್ಲೇ ಐಡಿ ಕಾರ್ಡು ಕೇಳುತ್ತಾರೆ.

ಪತ್ರಾಗಾರ, ಮತ್ತು ಹೈದರಾಬಾದಿನ ದಾರಿ

ಹಳೆ ಸರ್ಕಾರಿ ಕಾಗದದ ವಿಷಯಕ್ಕೆ ಬಂದರೆ ನಮ್ಮ ಭಾಗದ ಲೆಕ್ಕವೇ ಬೇರೆ. ಮೈಸೂರು ಕಡೆಯವರು ಬೆಂಗಳೂರಿಗೆ ಹೋಗುತ್ತಾರೆ. ನಾವು ಹೈದರಾಬಾದಿಗೆ ಹೋಗಬೇಕು. 1948ರ ಸೆಪ್ಟೆಂಬರ್ 17ರವರೆಗೆ ಇಲ್ಲಿ ನಿಜಾಮರ ಆಳ್ವಿಕೆ. ಅದಾದ ಮೇಲೂ 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲೇ ಇದ್ದೆವು. ಹಾಗಾಗಿ ಆ ಕಾಲದ ದಫ್ತರಗಳಲ್ಲಿ ಬಹಳಷ್ಟು ಈಗ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಗೆ ಕಲಬುರಗಿಯಲ್ಲಿ ವಿಭಾಗೀಯ ಕಚೇರಿ ಇದೆ. ಮೊದಲು ಅಲ್ಲಿ ವಿಚಾರಿಸಿ, ಆಮೇಲೆ ಬಸ್ಸು ಹತ್ತಿ.

ಹೋಗುವ ಮೊದಲು ನಿಮ್ಮ ಕಾಗದದ ತಾರೀಖು ಓದಲು ಕಲಿಯಿರಿ. ನಮ್ಮ ರಸೀದಿಯಲ್ಲಿ ಇಸವಿ 1350 ಅಂತ ಕಂಡಾಗ ತಮ್ಮ ಕುಣಿದಾಡಿಬಿಟ್ಟ. ಬಹಮನಿ ಕಾಲದ್ದು ಅಂದುಕೊಂಡ! ಹಸನ್ ಗಂಗು ಕಲಬುರಗಿಯಲ್ಲಿ ರಾಜ್ಯ ಕಟ್ಟಿದ್ದು 1347ರಲ್ಲಿ, ಲೆಕ್ಕ ಸರಿಯಾಗಿಯೇ ಕೂತಿತ್ತು. ಆದರೆ ಅದು ಫಸಲಿ ಇಸವಿ, ಕಂದಾಯದ ಲೆಕ್ಕಕ್ಕೆ ಇಟ್ಟುಕೊಂಡ ಬೇರೆ ಇಸವಿ. ನಿಜಾಮರ ಸರ್ಕಾರದ ಫಸಲಿ ವರ್ಷ ಅಕ್ಟೋಬರ್‌ಗೆ ಶುರುವಾಗುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಸಿಗುತ್ತದೆ. 1350 ಅಂದರೆ 1940ರ ಅಕ್ಟೋಬರ್‌ನಿಂದ 1941ರ ಅಕ್ಟೋಬರ್‌ವರೆಗೆ. ತಿಂಗಳ ಹೆಸರು ಬಹಮನ್, ಫರ್ವರ್ದಿ, ಖುರ್ದಾದ್ ಅಂತ ಇದ್ದರೆ ಅದು ಫಸಲಿ ಅಂತ ತಿಳಿಯಿರಿ. ಆರುನೂರು ವರ್ಷ ಒಂದೇ ಏಟಿಗೆ ಕರಗಿತು. ತಮ್ಮ ಎರಡು ದಿನ ಮಾತಾಡಲಿಲ್ಲ.

ಓದುವುದು ಇನ್ನೊಂದು ಸಮಸ್ಯೆ. ಅಚ್ಚಿನ ಉರ್ದು ಬರುವವರಿಗೂ ಹಳೆ ಕಚೇರಿಯ ಕೈಬರಹ ಓದಲು ಕಷ್ಟವಾಗುತ್ತದೆ. ನಮ್ಮ ರಸೀದಿ ಓದಿಕೊಟ್ಟವರು ನಿವೃತ್ತ ಉರ್ದು ಮೇಷ್ಟ್ರು. ಒಂದು ಕಪ್ ಚಹಾಕ್ಕೆ ಎರಡು ರಸೀದಿ ಓದಿದರು. ಅವರು ಓದುವಾಗ ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಿಕೊಂಡೆ. ಇದನ್ನು ನೀವೂ ಮಾಡಿ. ಓದಬಲ್ಲವರು ಕಾಗದಕ್ಕಿಂತ ಬೇಗ ಕಡಿಮೆಯಾಗುತ್ತಿದ್ದಾರೆ.

ಇಲ್ಲೇ ನನ್ನ ಪೆಟ್ಟಿನ ಕತೆ. ಬಸ್ತಾದಲ್ಲಿ ಒಂದು ಆಮಂತ್ರಣ ಪತ್ರಿಕೆ ಇತ್ತು. ಊರಿನ ಶಾಲೆಯ ಹೊಸ ಕೋಣೆ ತೆರೆದಾಗಿನದು, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಉರ್ದು. ಒಂದು ಸಂಸ್ಥೆಯವರು ಬಹಳ ಪ್ರೀತಿಯಿಂದ ಕೇಳಿದರು, ನಾನೂ ಬಹಳ ಪ್ರೀತಿಯಿಂದ ಕೊಟ್ಟೆ. ಸ್ಕ್ಯಾನ್ ಮಾಡಿರಲಿಲ್ಲ. ರಸೀದಿ ತಗೊಂಡಿರಲಿಲ್ಲ. ಎರಡು ವರ್ಷದ ನಂತರ ನೋಡಲು ಹೋದರೆ ತಗೊಂಡವರು ವರ್ಗವಾಗಿದ್ದರು. ಈಗಿದ್ದವರು ಬೀರು ತೆರೆದು ತೋರಿಸಿದರು. ಪಾಪ, ಅವರದೇನೂ ತಪ್ಪಿಲ್ಲ. ಆಮಂತ್ರಣ ಮಾತ್ರ ಎಲ್ಲೂ ಇಲ್ಲ. ಈಗ ಆ ಪತ್ರಿಕೆ ಇತ್ತು ಅನ್ನುವುದಕ್ಕೆ ನನ್ನ ಮಾತೊಂದೇ ಸಾಕ್ಷಿ.

ಹಾಗಾಗಿ ಯಾರಿಗೇ ಕೊಡಿ, ಮೊದಲು ಸ್ಕ್ಯಾನ್. ಆಮೇಲೆ ಪಟ್ಟಿ, ಎರಡು ಪ್ರತಿ, ಎರಡಕ್ಕೂ ಸಹಿ, ಮೊಹರು. ಪಟ್ಟಿಯಲ್ಲಿ "ಹಳೆ ಕಾಗದಗಳು: 1 ಕಟ್ಟು" ಅಂತ ಬರೆಯಲು ಬಿಡಬೇಡಿ. ಒಂದೊಂದು ಹಾಳೆಗೂ ಒಂದು ಸಾಲು ಇರಲಿ. ದಾನವೋ, ಕೆಲವು ಕಾಲಕ್ಕೆ ಇಡಲು ಕೊಟ್ಟದ್ದೋ ಸ್ಪಷ್ಟವಾಗಿ ಬರೆಸಿ. ಯಾರು ಬಂದು ನೋಡಬಹುದು ಅಂತಲೂ ಕೇಳಿ. ಇಷ್ಟು ಕೇಳಿದರೆ ಮುಖ ಗಂಟಿಕ್ಕುವ ಸಂಸ್ಥೆಗೆ ಕೊಡಬೇಡಿ, ಮಾತು ಮುಗಿಯಿತು.

ಮಠ, ದರ್ಗಾ

ಇದನ್ನು ಮರೆಯುವಂತಿಲ್ಲ. ನಮ್ಮ ಭಾಗದಲ್ಲಿ ಕಾಗದ ಉಳಿದದ್ದು ಕಚೇರಿಗಿಂತ ಜಾಸ್ತಿ ಇಲ್ಲೇ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕತೆ ಬೀದರ್ ಜಿಲ್ಲೆಯ ಮಕ್ಕಳಿಗೂ ಗೊತ್ತು. ಕಲಬುರಗಿಯ ಖಾಜಾ ಬಂದೇನವಾಜ್ ದರ್ಗಾದ ಗ್ರಂಥಾಲಯದಲ್ಲಿ ಉರ್ದು, ಫಾರ್ಸಿ, ಅರಬ್ಬಿ ಗ್ರಂಥಗಳಿವೆ. ಇಂಥ ಜಾಗದಲ್ಲಿ ಭಕ್ತಿಯೇ ಕಾವಲು. ಆದರೆ ಬೀಗದ ಕೈ ಒಬ್ಬರ ಬಳಿಯೇ ಇರುತ್ತದೆ. ಅವರು ಊರಲ್ಲಿಲ್ಲ ಅಂದರೆ ಗ್ರಂಥಾಲಯವೂ ಊರಲ್ಲಿಲ್ಲ. ನಿಮ್ಮ ಮನೆಗೆ ಆ ಮಠದ, ಆ ದರ್ಗಾದ ನಂಟಿದ್ದರೆ ಕೊಡಿ. ಇಲ್ಲದಿದ್ದರೆ ಅಲ್ಲಿರುವುದನ್ನು ಫೋಟೊ ತೆಗೆಯಲು ಅನುಮತಿ ಕೇಳಿ, ಸಾಕು.

ಒಂದೇ ಕಡೆ ಎಲ್ಲವನ್ನೂ ಇಡುವುದರ ಬಗ್ಗೆ ಬೀದರ್ ಒಂದು ಪಾಠ ಹೇಳುತ್ತದೆ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ 3000 ಹಸ್ತಪ್ರತಿ ಇದ್ದವು ಅನ್ನುತ್ತಾರೆ. ಔರಂಗಜೇಬನ ಕಾಲಕ್ಕೆ ಅದರೊಳಗೆ ಸಿಡಿಮದ್ದು ತುಂಬಿದರು. ಮದ್ದು ಸಿಡಿಯಿತು. ಈಗಲೂ ಒಂದು ಮಿನಾರು, ಬಣ್ಣದ ಹೆಂಚು ಅಂಟಿದ ಗೋಡೆ ನಿಂತಿವೆ. ಪುಸ್ತಕ ಒಂದೂ ಇಲ್ಲ. ಅತ್ತ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನದ ಕಲ್ಲನ್ನು ಯಾರೋ ಕಾಳಿಯ ಪೀಠಕ್ಕೆ ಬಳಸಿಕೊಂಡಿದ್ದರು. 1986ರಲ್ಲಿ ಗುಡಿಯ ಚಾವಣಿ ಕುಸಿದ ಮೇಲೆ ಅದು ಕಣ್ಣಿಗೆ ಬಿತ್ತು. ಕಲ್ಲಾಗಿದ್ದಕ್ಕೆ ಅದು ಎರಡು ಸಾವಿರ ವರ್ಷ ಕಾದಿತು. ನಮ್ಮದು ಕಾಗದ.

ಸ್ಕ್ಯಾನ್: ಫೋನೋ, ಯಂತ್ರವೋ, ಅಂಗಡಿಯೋ

ಕೈಯಲ್ಲಿರುವ ಫೋನು ಸಾಕು ಅನ್ನುವವರ ಮಾತು ಅರ್ಧ ಸರಿ. ನೋಟ್‌ಬುಕ್ಕು, ಹರಿಯುವಂತಾದ ಹಾಳೆ, ಮಡಿಚಿದ ಉದ್ದನೆಯ ಮೋಡಿ ಕಾಗದ ಇವಕ್ಕೆ ಫೋನೇ ಒಳ್ಳೆಯದು, ಯಾಕೆಂದರೆ ಒತ್ತುವ ಹಾಗಿಲ್ಲ. ಬೆಳಗಿನ ಹೊತ್ತು ಬಾಗಿಲ ಹತ್ತಿರ, ನೇರ ಬಿಸಿಲು ಬೀಳದ ಕಡೆ ಹಾಳೆ ಹಾಸಿ. ಫ್ಲ್ಯಾಶ್ ಬೇಡ. ಪಕ್ಕದಲ್ಲಿ ಒಂದು ಸ್ಕೇಲು ಇಡಿ, ಅಳತೆ ಗೊತ್ತಾಗುತ್ತದೆ. ನಾನು ಫೋನನ್ನು ಎರಡು ಡಬ್ಬಿಗಳ ಮೇಲೆ ಅಡ್ಡ ಇಟ್ಟ ಶಾವಿಗೆ ಮಣೆಯ ಮೇಲಿಟ್ಟು ತೆಗೆದೆ. ಆಯಿ ಬೈದಳು, ಫೋಟೊ ಮಾತ್ರ ನೇರ ಬಂತು.

ಹಳೆ ಫೋಟೊಗೆ ಮಾತ್ರ ಸ್ಕ್ಯಾನರ್ ಬೇಕೇ ಬೇಕು. ಅಕ್ಷರಕ್ಕೆ 300 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಅಳತೆ), ಫೋಟೊಗೆ 600 ಡಿಪಿಐ ಇಡಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಮೊಹರು, ಪೆನ್ಸಿಲಿನ ಬರಹ ಅಲ್ಲೇ ಇರುವುದು. ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದರೆ ಎದುರಿಗೆ ನಿಂತು ಮಾಡಿಸಿ. ಹಾಳೆ ಎಳೆದುಕೊಳ್ಳುವ ಯಂತ್ರಕ್ಕೆ ಹಾಕಲು ಬಿಡಬೇಡಿ. ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿ, ಕಪ್ಪುಬಿಳುಪು ಫೋಟೊ ಆದರೂ. ಈಗ ಮುಖಕ್ಕೆ ಬಣ್ಣ ತುಂಬಿಕೊಡುವ ಆ್ಯಪ್‌ಗಳು ಬಂದಿವೆ. ಮನೆಯ ಗೋಡೆಗೆ ಬೇಕಾದರೆ ಮಾಡಿಸಿ, ಆದರೆ ಅಸಲಿ ಸ್ಕ್ಯಾನ್ ಬೇರೆ ಇರಲಿ. ಮುತ್ಯಾನ ಪಟಗಾ (ತಲೆಯ ರುಮಾಲು) ಕೆಂಪಿತ್ತೋ ಹಳದಿ ಇತ್ತೋ ಆ ಆ್ಯಪ್‌ಗೆ ಏನು ಗೊತ್ತು?

ಫೈಲಿನ ಹೆಸರು ಕ್ಯಾಮೆರಾ ಕೊಟ್ಟ ನಂಬರಿನಲ್ಲೇ ಬಿಡಬೇಡಿ. ಊರು, ಇಸವಿ, ಏನು, ಎಷ್ಟನೇ ಪುಟ ಇಷ್ಟು ಹೆಸರಲ್ಲೇ ಬರಲಿ. ಇಸವಿ ಅಂದಾಜು ಆದರೆ "ಸುಮಾರು" ಅಂತ ಸೇರಿಸಿ.

ಇಂಟರ್ನೆಟ್ಟಿನಲ್ಲಿ ಎಲ್ಲಿ?

ವಾಟ್ಸ್‌ಆ್ಯಪ್ ಗುಂಪು ಹೆಸರು ಪತ್ತೆ ಹಚ್ಚಲು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಪಾಡಲು ಸೊನ್ನೆ. ಫೋಟೊವನ್ನು ಹಿಂಡಿ ಸಣ್ಣದು ಮಾಡುತ್ತದೆ, ಆರು ತಿಂಗಳಲ್ಲಿ ಗುಡ್ ಮಾರ್ನಿಂಗ್‌ಗಳ ಕೆಳಗೆ ಹೂತುಹೋಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೇಸ್‌ಬುಕ್ಕಿನದೂ ಹೆಚ್ಚುಕಡಿಮೆ ಇದೇ ಹಾಡು.

ಗೂಗಲ್ ಡ್ರೈವ್‌ನಲ್ಲಿ 15 ಜಿಬಿ ಪುಕ್ಕಟೆ. ಮನೆಯವರು ಹಂಚಿಕೊಳ್ಳಲು ಸಾಕು. ಆದರೆ ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು, ಅದೇ ಅವರ ನಿಯಮ. ಖಾತೆ ಯಾರ ಹೆಸರಲ್ಲಿದೆಯೋ ಅವರು ತೀರಿಕೊಂಡರೆ ಪಾಸ್‌ವರ್ಡು ಯಾರಿಗೂ ಗೊತ್ತಿರುವುದಿಲ್ಲ. ಅಟ್ಟದ ಟ್ರಂಕಿಗೂ ಇದಕ್ಕೂ ಏನು ವ್ಯತ್ಯಾಸ ಬಂತು?

ಊರಿನವರೆಲ್ಲ ನೋಡಲಿ, ಮುಂದಿನವರಿಗೂ ಸಿಗಲಿ ಅಂದರೆ ನನ್ನ ಮತ ಎರಡಕ್ಕೆ: ಇಂಟರ್ನೆಟ್ ಆರ್ಕೈವ್ ಮತ್ತು ವಿಕಿಮೀಡಿಯ ಕಾಮನ್ಸ್. ಮೊದಲನೆಯದು ಪುಸ್ತಕ, ಧ್ವನಿ, ವಿಡಿಯೊ ಇಡುವ ಆನ್‌ಲೈನ್ ಗ್ರಂಥಾಲಯ, ಎರಡನೆಯದು ವಿಕಿಪೀಡಿಯದವರ ಫೋಟೊ ಭಂಡಾರ. ಎರಡೂ ಲಾಭಕ್ಕಲ್ಲ, ಎರಡಕ್ಕೂ ಯಾರು ಬೇಕಾದರೂ ಖಾತೆ ತೆರೆಯಬಹುದು.

ಪುಟ ಜಾಸ್ತಿ ಇರುವುದಕ್ಕೆ, ಅಂದರೆ ನೋಟ್‌ಬುಕ್ಕು, ಸ್ಮರಣ ಸಂಚಿಕೆ, ಹಳೆ ಪುಸ್ತಕಗಳಿಗೆ ಆರ್ಕೈವ್ ಸರಿ. ಪಿಡಿಎಫ್ ಹಾಕಿದರೆ ಪುಟ ತಿರುಗಿಸಿ ಓದುವ ಹಾಗೆ ಅದೇ ಮಾಡಿಕೊಡುತ್ತದೆ. ಕನ್ನಡದ ಸಾವಿರಾರು ಹಳೆ ಪುಸ್ತಕಗಳು ಅಲ್ಲಿ ಈಗಾಗಲೇ ಇವೆ. ನಿಜಾಮರ ಪುರಾತತ್ವ ಇಲಾಖೆಯ ಗುಲಾಮ್ ಯಜ್ದಾನಿ ಬೀದರಿನ ಸ್ಮಾರಕಗಳ ಬಗ್ಗೆ 1947ರಲ್ಲಿ ತಂದ ದಪ್ಪನೆಯ ಇಂಗ್ಲಿಷ್ ಪುಸ್ತಕವನ್ನು ನಾನು ಓದಿದ್ದೂ ಅಲ್ಲೇ, ಹೊಲದ ಬದುವಿನ ಮೇಲೆ ಕೂತು, ಫೋನಿನಲ್ಲಿ. ಆದರೆ ಆರ್ಕೈವ್ ಕೂಡ ಬಂಡೆಯಲ್ಲ. 2024ರ ಅಕ್ಟೋಬರ್‌ನಲ್ಲಿ ಅದರ ಮೇಲೆ ದಾಳಿಯಾಗಿ ಹಲವು ದಿನ ಮುಚ್ಚಿತ್ತು. ಅಲ್ಲಿ ಹಾಕಿದೆ ಅಂತ ಮನೆಯ ಪ್ರತಿ ಅಳಿಸಬೇಡಿ.

ಬಿಡಿ ಫೋಟೊಗಳಿಗೆ ಕಾಮನ್ಸ್ ಮೇಲು. ಯಾದಗಿರಿ ಕೋಟೆ, ಸುರಪುರದ ಟೇಲರ್ ಮಂಜಿಲ್, ನಿಮ್ಮೂರಿನ ಹಳೆ ಅಗಸೆ ಬಾಗಿಲು ಯಾವುದೇ ಇರಲಿ, ಅಲ್ಲಿ ಹಾಕಿದರೆ ಕನ್ನಡ ವಿಕಿಪೀಡಿಯದ ಲೇಖನಕ್ಕೆ ನೇರ ಸೇರಿಸಬಹುದು. ಷರತ್ತು ಒಂದಿದೆ. ಒಮ್ಮೆ ಮುಕ್ತವಾಗಿ ಕೊಟ್ಟರೆ ಯಾರು ಬೇಕಾದರೂ ಬಳಸಬಹುದು, ದುಡ್ಡು ಮಾಡಲೂಬಹುದು. ವಾಪಸ್ ತಗೊಳ್ಳಲು ಬರುವುದಿಲ್ಲ. ಮನೆಯ ಹೆಣ್ಣುಮಕ್ಕಳ ಫೋಟೊ, ಮದುವೆ ಫೋಟೊ ಹಾಕುವ ಮೊದಲು ಮನೆಯಲ್ಲಿ ಕೂತು ಮಾತಾಡಿ.

ಹಕ್ಕಿನ ವಿಷಯ ಸುಮ್ನೆ ಬಿಡುವಂತಿಲ್ಲ. ಫೋಟೊ ನಿಮ್ಮ ಮನೆಯಲ್ಲಿದೆ ಅಂದ ಮಾತ್ರಕ್ಕೆ ಹಕ್ಕು ನಿಮ್ಮದಲ್ಲ. ನಮ್ಮ ದೇಶದಲ್ಲಿ 1958ಕ್ಕಿಂತ ಮೊದಲು ತೆಗೆದ ಫೋಟೊಗಳ ಹಕ್ಕು ಮುಗಿದಿದೆ, ಧೈರ್ಯವಾಗಿ ಹಾಕಿ. ಪುಸ್ತಕಕ್ಕೆ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಅದರೊಳಗಿನದಾದರೆ ಮನೆಯವರನ್ನು ಹುಡುಕಿ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಹೆಚ್ಚಿನವರು ಖುಷಿಯಿಂದ ಕೊಡುತ್ತಾರೆ. "ನಮ್ಮಪ್ಪನ ಪುಸ್ತಕ ಇನ್ನೂ ಯಾರಿಗೋ ನೆನಪದ" ಅಂತ ಕಣ್ಣಲ್ಲಿ ನೀರು ತಂದುಕೊಂಡವರೂ ಇದ್ದಾರೆ.

ಬಾಯಲ್ಲಿರುವುದು

ಬಸ್ತಾದ ಹೊರಗೂ ಇತಿಹಾಸ ಇತ್ತು. ಆಯಿಗೆ ಬೀಸುವ ಪದ ಬರುತ್ತವೆ. ಮಂಚದ ಮೇಲೆ ಕೂರಿಸಿ, ಫೋನು ಮುಂದಿಟ್ಟು, "ಹಾಡು ಆಯಿ" ಅಂದೆ. ನಾಲ್ಕು ಸಾಲಿಗೆ ನಿಂತಳು. ಮುಂದಿನದು ನೆನಪಿಲ್ಲ ಅಂದಳು. ಹಿತ್ತಲಲ್ಲಿ ಬಿದ್ದಿದ್ದ ಬೀಸುವ ಕಲ್ಲು ತೊಳೆದು ತಂದು, ಗೂಟ ಬಡಿದು, ಒಂದು ಹಿಡಿ ಜೋಳ ಹಾಕಿ ಮುಂದಿಟ್ಟೆವು. ಗೂಟ ಕೈಗೆ ಸಿಕ್ಕಿದ್ದೇ ತಡ, ಪದ ತಾನೇ ಬಂತು. ನಲವತ್ತು ನಿಮಿಷ. ಕಲ್ಲು ನಿಂತಾಗ ಪದ ನಿಲ್ಲುತ್ತಿತ್ತು, ತಿರುಗಿದಾಗ ಮುಂದಿನ ಸಾಲು ಬರುತ್ತಿತ್ತು.

ಇದಕ್ಕೆ ಯೂಟ್ಯೂಬೋ ಆರ್ಕೈವೋ? ನೋಡುವವರು ಬೇಕಿದ್ದರೆ ಯೂಟ್ಯೂಬ್. ಉಳಿಯಬೇಕಿದ್ದರೆ ಆರ್ಕೈವ್, ಅದೂ ಹಿಂಡದ ಅಸಲು ಫೈಲು. ನಾವು ಎರಡೂ ಕಡೆ ಹಾಕಿದೆವು, ಆಯಿಯನ್ನು ಕೇಳಿಯೇ. ಮೊಹರಂ ಪದ, ತತ್ವಪದ, ಡೊಳ್ಳಿನ ಪದ ಹೀಗೆ ಯಾವುದನ್ನು ಹಿಡಿದರೂ ಹಾಡಿದವರ ಹೆಸರು, ಊರು, ಯಾರಿಂದ ಕಲಿತದ್ದು ಅನ್ನುವುದನ್ನು ಶುರುವಿನಲ್ಲೇ ಅವರ ಬಾಯಲ್ಲೇ ಹೇಳಿಸಿ. ಫೈಲಿನ ಹೆಸರು ಕಳೆದರೂ ಅದು ಒಳಗೇ ಇರುತ್ತದೆ. ಫ್ಯಾನ್ ಬಂದ್ ಮಾಡಿ. ನಾವು ಮರೆತೆವು. ನಮ್ಮ ರೆಕಾರ್ಡಿಂಗಿನಲ್ಲಿ ಆಯಿಯ ಜೊತೆ ಫ್ಯಾನೂ ಹಾಡಿದೆ.

ಕೊನೆಗೆ ನಮ್ಮದು ಎಲ್ಲೆಲ್ಲಿ ಹೋಯಿತು ಅಂದರೆ: ಜಮೀನಿನ ಕಾಗದ ಅಣ್ಣನ ಮನೆಯ ಬೀರುವಿನಲ್ಲಿ, ಅದರ ಸ್ಕ್ಯಾನ್ ಮೂವರ ಬಳಿ. ಶಾಲೆಯ ಫೋಟೊದ ಪ್ರಿಂಟು ಊರಿನ ಗ್ರಂಥಾಲಯದಲ್ಲಿ, ಫೈಲು ಕಾಮನ್ಸ್‌ನಲ್ಲಿ ಒಂಬತ್ತು ಹೆಸರಿನ ಜೊತೆ, ಮೂರು ಮುಖ ಇನ್ನೂ ಖಾಲಿ. ತತ್ವಪದದ ನೋಟ್‌ಬುಕ್ಕಿನ ಪಿಡಿಎಫ್ ಆರ್ಕೈವ್‌ನಲ್ಲಿದೆ. ಅಸಲು ನೋಟ್‌ಬುಕ್ಕನ್ನು ವಿಶ್ವವಿದ್ಯಾಲಯಕ್ಕೆ ಕೊಡಬೇಕು ಅಂತ ನಾನು, ಭಜನೆಗೆ ಬೇಕು ಅಂತ ಕಾಕಾ. ಸದ್ಯಕ್ಕೆ ಕಾಕಾ ಗೆದ್ದಿದ್ದಾರೆ. ಎರಡು ಟಿಬಿಯ ಒಂದು ಹಾರ್ಡ್ ಡಿಸ್ಕು ಕಲಬುರಗಿಯಲ್ಲಿ, ಇನ್ನೊಂದು ತಂಗಿಯ ಜೊತೆ ಪುಣೆಯಲ್ಲಿ. ಭೀಮೆ ಅಲ್ಲಿಯವರೆಗೆ ಉಕ್ಕಲಿಕ್ಕಿಲ್ಲ.

ಮೋಡಿ ಹಾಳೆ ಮಾತ್ರ ಬಸ್ತಾದಲ್ಲೇ ಇದೆ, ಏನು ಬರೆದಿದೆ ಅಂತ ಇನ್ನೂ ಗೊತ್ತಾಗಿಲ್ಲ. ಬಸವಕಲ್ಯಾಣ ಕಡೆ ಮೋಡಿ ಓದುವ ಹಿರಿಯರೊಬ್ಬರು ಇದ್ದಾರಂತೆ. ದಸರಾ ರಜೆಗೆ ಹೋಗಬೇಕು. ತಮ್ಮ ಈಗಲೇ ಹೇಳುತ್ತಿದ್ದಾನೆ, ಅದು ನಿಧಿಯ ನಕ್ಷೆಯೇ ಇರಬೇಕು ಅಂತ.